ನಾನಿಟ್ಟ ಹೆಸರು

ಗಡಿಯಂಚಿನ ಮೇ ಹಾಂಗ್ ಸಾನ್ ಬೆಟ್ಟಗಳ ನಮ್ಮ ಏಳು ಹಳ್ಳಿಗಳಲ್ಲಿ ಯಾರ ಜೀವ ಮೈಬಿಟ್ಟು ಅಲೆದರೂ ಕರೆದು ತರುವವನು ನಾನು, ಪನ್ನಾ. ಹೊಳೆಯಲ್ಲಿ ಬೆಚ್ಚಿದ ಮಗು, ಬೈಕಿನಿಂದ ಬಿದ್ದ ಗಂಡಸು, ಹೆತ್ತು ಬಸವಳಿದ ಬಾಣಂತಿ, ಎಲ್ಲರ ಜೀವವೂ ನನ್ನ ಕೂಗಿಗೆ ಓಗೊಟ್ಟಿದೆ. ಅದರ ಜಂಬವೂ ನನಗಿತ್ತು. ಅದು ಇಳಿದದ್ದು ನನ್ನ ಹೆಂಡತಿ ವಿಲೈ ಅನ್ನ ಬಿಟ್ಟಾಗ.

ಗಡಿಯ ಸಾಲ್ವಿನ್ ನದಿಯಾಚೆ, ಅವಳ ಹುಟ್ಟೂರಿನ ಕಡೆಯಿಂದ ಸಂತೆಗೆ ಬಂದವನೊಬ್ಬ ಅವಳಿಗೆ ಸುದ್ದಿ ಹೇಳಿದ್ದ. ತಾಯಿ ತೀರಿಕೊಂಡಳಂತೆ, ಕೊನೆಯ ಮೂರು ದಿನ ಮಗಳ ಹೆಸರು ಹಿಡಿದು ಕೂಗುತ್ತಲೇ ಇದ್ದಳಂತೆ. ಸಿಪಾಯಿಗಳಿಗೆ ಹೆದರಿ ಹತ್ತೊಂಬತ್ತರ ಪ್ರಾಯದಲ್ಲಿ ನದಿ ದಾಟಿ ಬಂದವಳು ವಿಲೈ. ಮತ್ತೆ ಆಚೆ ಹೋಗಲಾಗಲಿಲ್ಲ. ಸುದ್ದಿ ಕೇಳಿ ಒಂಬತ್ತು ದಿನವಾಯಿತು. ಅವಳು ಒಣಗಲು ತಟ್ಟಿಟ್ಟ ಸೋಯಾ ಬಿಲ್ಲೆಗಳು ಬಿದಿರ ತಟ್ಟಿಯ ಮೇಲೆ ಮಂಜಿಗೆ ಬೂಸ್ಟು ಹಿಡಿದವು. ಗಂಟಲಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಆಸ್ಪತ್ರೆಯವರು ರೋಗವೇನಿಲ್ಲ ಎಂದರು. ಇವಳೂ ಹೋಗಿಬಿಟ್ಟರೆ ಎಂದು ಹೆದರಿ ಅಕ್ಕಿಯ ಬಟ್ಟಲು ಹಿಡಿದು ನಮ್ಮ ಕಂಬದ ಮನೆಯ ಏಣಿಯ ತುದಿಯಲ್ಲಿ ನಿಂತೆ.

ಮೂರು ಬೆಳಿಗ್ಗೆ ಕರೆದೆ. "ವಿಲೈ, ಬಾ, ಕಾಡಲ್ಲಿರಬೇಡ, ಹೊಳೇಲಿರಬೇಡ, ಮನೆಗೆ ಬಾ." ಕರೆದ ಮೇಲೆ ಬಟ್ಟಲಿನಿಂದ ಚಿಟಿಕೆ ಅಕ್ಕಿ ತೆಗೆದು ಎಣಿಸಬೇಕು, ಕಾಳೆಲ್ಲ ಜೋಡಿಯಾದರೆ ಜೀವ ಬಂದಂತೆ. ಮೂರು ಸಲವೂ ಒಂದು ಕಾಳು ಒಂಟಿಯಾಗಿ ಉಳಿಯಿತು.

ಪಕ್ಕದ ಮನೆಯ ಸುಯಿ ಏಣಿಯ ಬುಡದಲ್ಲಿ ನಿಂತು ನೋಡುತ್ತಿದ್ದಳು. "ಏನಣ್ಣ, ಊರೋರ ಜೀವಾನೆಲ್ಲ ಕರ್ಕೊಂಬರ್ತೀಯ, ಹೆಂಡ್ತಿ ಜೀವ ಮಾತ್ರ ನಿನ್ ಮಾತು ಕೇಳಲ್ವಾ?"

"ಇವಳು ಯಾವತ್ತು ಕೇಳಿದ್ಲು? ಹೋಗಮ್ಮ, ನಿನ್ನ ಹಂದಿ ನೋಡ್ಕೋ."

"ಹೆಸರು ಸರಿಯಾಗಿ ಹೇಳ್ದೆ ತಾನೇ?"

ಬೈದು ಅಟ್ಟಲು ಒಂದು ಮೆಟ್ಟಿಲು ಇಳಿದೆ. ಅಲ್ಲೇ ಹೊಳೆಯಿತು. ವಿಲೈ ಎಂಬುದು ಗುರುತಿನ ಚೀಟಿಗಾಗಿ ನಾನಿಟ್ಟ ಹೆಸರು. ಬಂದ ಹೊಸದರಲ್ಲಿ ಹೆಸರು ಕೇಳಿದ್ದಕ್ಕೆ, "ನೀವೇ ಒಂದು ಇಡಿ" ಎಂದಿದ್ದಳು. ಇಟ್ಟೆ. ಮೂವತ್ತು ವರ್ಷ ಮತ್ತೆ ಕೇಳಲಿಲ್ಲ. ತಾಯಿ ಕೂಗಿದ್ದು ಬೇರೆ ಹೆಸರು. ಜೀವ ಆ ಹೆಸರಿನ ಹಿಂದೆ ಹೋಗಿತ್ತು.

ಒಳಗೆ ಹೋಗಿ ಅವಳ ಚಾಪೆಯ ಪಕ್ಕ ಕೂತೆ. "ನಿಮ್ಮಮ್ಮ ನಿನ್ನ ಏನಂತ ಕರೀತಿದ್ಲು?"

ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕಿವಿಯಲ್ಲಿ ಹೇಳಿದಳು. ಎರಡೇ ಅಕ್ಷರ.

ನದಿಯಿರುವ ಪಡುವಣ ಬೆಟ್ಟದ ಕಡೆ ತಿರುಗಿ ಕೂಗಲು ಬಾಯಿ ತೆರೆದೆ. ಅವಳು ತೋಳು ಹಿಡಿದಳು.

"ಎಲ್ಲಾನೂ ಕರೀಬೇಡಿ. ಒಂದು ಮೈಗೆ ಮೂವತ್ತೆರಡು ಜೀವ ಅಂತೀರಲ್ಲ, ಒಂದು ಅಮ್ಮನ ಹತ್ರಾನೇ ಇರ್ಲಿ. ಪಾಪ, ಅಷ್ಟೊಂದು ಕೂಗಿದಾಳೆ."

ಅಂಥ ಕರೆ ನಮ್ಮ ಪದ್ಧತಿಯಲ್ಲಿಲ್ಲ. ಕಲಿಸಿದ ಗುರು ಇದ್ದಿದ್ದರೆ ಬೆನ್ನು ಮುರಿಯುತ್ತಿದ್ದ. ಆದರೂ ಕೂಗಿದೆ: ಮೂವತ್ತೊಂದು ಬನ್ನಿ, ಒಂದು ಅಲ್ಲೇ ಇರು. ಅಕ್ಕಿ ಎಣಿಸುವ ಧೈರ್ಯವಾಗಲಿಲ್ಲ. ಬಂದ ಜೀವ ಮತ್ತೆ ಹೋಗದಿರಲೆಂದು ಸುಮ್ಮನೆ ಅವಳ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿದೆ.

ಮಧ್ಯಾಹ್ನ ಅವಳು ತಾನಾಗಿಯೇ ಎದ್ದು ಕೂತು ಅನ್ನಕ್ಕೆ ಸಾಸಿವೆ ಸೊಪ್ಪಿನ ಸಾರು ಕಲಸಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಸಂತೋಷಕ್ಕೆ ಆ ಹೆಸರಿನಿಂದಲೇ ಕರೆದುಬಿಟ್ಟೆ.

ತುತ್ತು ಅವಳ ಕೈಯಲ್ಲೇ ನಿಂತಿತು.

"ಹಾಗೆ ಕರೀಬೇಡಿ," ಎಂದಳು ಮೆತ್ತಗೆ. "ಅದು ಅಲ್ಲಿ ಅಮ್ಮನ ಹತ್ರ ಇರೋಳ ಹೆಸರು. ನಾನು ವಿಲೈ."

ಉಂಡು ಮುಗಿಸಿದಳು, ಇನ್ನಷ್ಟು ಬಡಿಸಿಕೊಂಡಳು. ಮೂವತ್ತು ವರ್ಷ ಇವಳ ಜೊತೆಗಿದ್ದೂ ಅಲ್ಲಿರುವವಳನ್ನು ನಾನು ಒಮ್ಮೆಯೂ ಕಂಡಿಲ್ಲ. ಕಾಣಬೇಕೆಂದು ಜೀವ ಬಡಿದುಕೊಳ್ಳುತ್ತದೆ.