ಬಾವಿಯ ನೀರು, ಕೊಟ್ಟ ಮಾತು

೧೯೩೬ರಲ್ಲಿ ಪುಣೆಯ ನಾನಾಪೇಟೆಯಲ್ಲಿ ಉಡುಪಿ ಕಡೆಯ ಭುಜಂಗನೂ ಪಾರಸಿಗಳ ಬೆಹರಾಮನೂ ಪಾಲುದಾರರಾಗಿ ಒಂದು ಸೋಡಾ ಕಾರ್ಖಾನೆ ನಡೆಸುತ್ತಿದ್ದರು. ಇಬ್ಬರಿಗೂ ಇಪ್ಪತ್ತೈದು ದಾಟಿರಲಿಲ್ಲ. ಒಂದು ಬೆಳಿಗ್ಗೆ, ಮದುವೆಮನೆಗೆ ಹೊರಟಿದ್ದ ಸೋಡಾ ಗಾಡಿಯ ಎದುರು ಬಾಟಲಿ ತೊಳೆಯುವ ಭೀಮವ್ವ ಓಡಿ ಬಂದು ನಿಂತಳು.

“ಸಾವಕಾರ್ರ, ನಮ್ಮ ಓಣ್ಯಾಗ ಮೂರು ಮಂದಿಗೆ ವಾಂತಿಭೇದಿ ಹತ್ತೇದ್ರಿ. ಎಲ್ಲಾರೂ ಇದ ಬಾವಿ ನೀರು ಕುಡದವರು!”

ಸೋಡಾಕ್ಕೂ ಕಾರ್ಖಾನೆಯೆದುರಿನ ಅದೇ ಬಾವಿಯ ನೀರು. ಗಾಡಿ ಹೊರಡದಂತೆ ಭುಜಂಗ ಎತ್ತಿನ ಮೂಗುದಾರವನ್ನು ಬಿಗಿಯಾಗಿ ಹಿಡಿದುಕೊಂಡ.

“ಕಾಲರಾ ಅಂತ ಡಾಕ್ಟರು ಹೇಳಿದರೇನು?” ಬೆಹರಾಮ ಮರಾಠಿಯಲ್ಲಿ ಗದರಿದ. “ಮದುವೆಮನೆಯವರಿಗೆ ನಾನು ಮಾತು ಕೊಟ್ಟಿದ್ದೇನೆ. ನಮ್ಮ ಮನೆಯಲ್ಲಿ ಮಾತು ತಪ್ಪಿದವನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ.”

“ನಮ್ಮ ಮನೆಗೆ ಯಾರೇ ಬರಲಿ, ಮೊದಲು ನೀರು ಕೊಡುತ್ತಾರೆ,” ಎಂದ ಭುಜಂಗ. “ನಾನು ಕೊಟ್ಟ ನೀರಿನಿಂದಲೇ ಒಬ್ಬ ಸತ್ತರೆ ಅಮ್ಮನಿಗೆ ಹೇಗೆ ಮುಖ ತೋರಿಸಲಿ?”

ಕೆಲಸದವರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿದ್ದರು. ಬೆಹರಾಮ ಗಾಡಿಯವನ ಕೈಯಿಂದ ಚಾಟಿ ಕಿತ್ತುಕೊಂಡು ಎತ್ತಿದ. ಭುಜಂಗ ಕದಲಲಿಲ್ಲ. ಕೊನೆಗೆ ಬೆಹರಾಮನ ಕೈಯೇ ಕೆಳಗಿಳಿಯಿತು.

“ಮಾತು ಕೊಟ್ಟವನು ನಾನು,” ಎಂದ ಅವನು, ಟೋಪಿ ಹಾಕಿಕೊಳ್ಳುತ್ತ. “ಮಾತು ತಪ್ಪಿದೆ ಅಂತ ನಾನೇ ಹೋಗಿ ಹೇಳಬೇಕು.”

ಮದುವೆಮನೆಯವರು ಅವನನ್ನು ಬೀದಿಯಲ್ಲೇ ನಿಲ್ಲಿಸಿ ಬೈದರು. ಮಧ್ಯಾಹ್ನ ಅವನು ಮರಳಿದಾಗ ಭುಜಂಗ ಒಂದೊಂದೇ ಬಾಟಲಿಯನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದ. ಬೆಹರಾಮ ಅಂಗಿಯ ತೋಳು ಮಡಿಸಿ ಅವನ ಪಕ್ಕದಲ್ಲಿ ಕೂತು ತಾನೂ ಬಾಟಲಿ ಸುರಿಯತೊಡಗಿದ.

ಭುಜಂಗ ಮುಟ್ಟಿಸಿದ ಸುದ್ದಿಯ ಮೇಲೆ ಮರುದಿನ ಮುನಿಸಿಪಾಲ್ಟಿಯವರು ಬಂದು ನೀರನ್ನು ಪರೀಕ್ಷೆಗೆ ಒಯ್ದು, ಎರಡು ದಿನದ ಮೇಲೆ ಅದರಲ್ಲಿ ಕಾಲರಾ ರೋಗಾಣು ಇದೆಯೆಂದು ಬಾವಿಗೆ ಮುಚ್ಚಳ ಜಡಿದರು.