ಗಂಡನ ಪಕ್ಕದ ಜಾಗ

ಸ್ಮಶಾನದ ಗೇಟಿನಲ್ಲಿ ಹೆಣದ ಗಾಡಿಗೆ ಕಾವಲುಗಾರ ಕೈ ಅಡ್ಡ ಹಿಡಿದ.

“ಬಲಕ್ಕಲ್ಲ. ಎಡಕ್ಕೆ ತಿರುಗ್ಸಿ, ಗೋಡೆ ಕಡೆಗೆ.”

“ನಮ್ಮಪ್ಪ ಮಿಲಿಸಾವ್ ಬಲಗಡೆ ಮಲಗವ್ನೆ ಕಣಯ್ಯ,” ಎಂದಳು ಯಾಗೋದಾ. “ಅಮ್ಮನ್ನ ಅವನ ಪಕ್ಕದಲ್ಲೇ ಇಡೋದು. ಕಲ್ಲಲ್ಲಿ ಅವಳ ಹೆಸರು ಕೊರ್ಸಿ ಎಷ್ಟು ಕಾಲ ಆಯ್ತು! ಸತ್ತ ವರ್ಷ ಒಂದೇ ಬಾಕಿ.”

“ಆ ಕಲ್ಲು ಈಗ ಎಲ್ಲಿದೆ? ಎಲ್ಲಾ ಕಿತ್ತು ಹೊಸಾದು ಹಾಕವ್ರೆ. ವೀರರ ಬೀದೀಲಿ ಇನ್ಮೇಲೆ ವೀರರು ಮಾತ್ರ. ಹೆಂಡ್ರು ಮಕ್ಕಳು ಹೊರಗೆ.”

“ಯಾರನ್ನ ಕೇಳಿ?”

“ನನ್ನನ್ನ ಕೇಳೋ ಹಾಗಿದ್ರೆ ನಾನ್ಯಾಕಕ್ಕ ಗೇಟಲ್ಲಿ ನಿಂತಿರ್ತಿದ್ದೆ?”

ಅಮ್ಮ ಚಳಿಗಾಲದಲ್ಲೇ ಹಾಸಿಗೆ ಹಿಡಿದಿದ್ದಳು; ಆಮೇಲೆ ಇತ್ತ ಯಾರೂ ಬಂದಿರಲಿಲ್ಲ. “ಅವನ ಪಕ್ಕಕ್ಕೇ ಇಡ್ತೀನಮ್ಮ,” ಎಂದು ಯಾಗೋದಾ ಮೊನ್ನೆಯಷ್ಟೇ ಅವಳ ಕೈ ಹಿಡಿದು ಮಾತು ಕೊಟ್ಟಿದ್ದಳು.

“ಗಾಡಿ ಇಲ್ಲೇ ಇರ್ಲಿ,” ಎಂದಳು. “ಅಲ್ಲಾಡ್ಸಿದ್ರೆ ನೋಡಿ.”

“ಹುಚ್ಚಿ ಥರ ಆಡ್ಬೇಡ,” ಎಂದ ಸೋದರಮಾವ ವುಕೋಯೆ. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. “ಸರ್ಕಾರದ ಜೊತೆ ಜಗಳ ಆಡ್ತಾರೇನೆ? ಪಾದ್ರಿ ಕಾಯ್ತಾವ್ನೆ, ನಡಿ.” ತಾನೇ ಗಾಡಿಯನ್ನು ಎಡಕ್ಕೆ ತಳ್ಳಿದ.

*

ಮಿಲಿಸಾವ್ ಯುದ್ಧದಲ್ಲಿ ಒಂದು ಸೇತುವೆ ಉಡಾಯಿಸಿದ್ದ. ಬದುಕಿನುದ್ದಕ್ಕೂ ಅದನ್ನೇ ಹೇಳಿಕೊಂಡು ಕಾಲ ಕಳೆದ. ಹೆಂಡತಿ ಗ್ರೋಜ್ದಾನಾ, ಶಾಲೆಯ ಅಡುಗೆಮನೆಯಲ್ಲಿ ಹುರುಳಿಕಾಯಿ ಸಾರು ಕುದಿಸಿ ಅವನನ್ನು ಸಾಕಿದಳು. ನಿದ್ದೆಯಲ್ಲಿ ಅವನು ಕಿರುಚುತ್ತಿದ್ದ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ವೀರನ ಹಾಸಿಗೆ ಬಟ್ಟೆ ಊರ ಕಣ್ಣಿಗೆ ಬೀಳಬಾರದೆಂದು ಅವಳು ಅದನ್ನು ಶಾಲೆಗೆ ಹೊತ್ತೊಯ್ದು ಒಲೆಯ ಹಿಂದೆ ಒಣಗಿಸುತ್ತಿದ್ದಳು. ಅವನ ಕತೆ ಕೇಳಲು ಮಕ್ಕಳು, ಪತ್ರಕರ್ತರು, ಅಧಿಕಾರಿಗಳು ಬರುತ್ತಿದ್ದರು. ದೊಡ್ಡವರಿಗೆಲ್ಲ ಬ್ರಾಂದಿ ಸುರಿದು ಕೊಟ್ಟವಳ ಹೆಸರನ್ನು ಒಬ್ಬನೂ ಕೇಳಲಿಲ್ಲ.

ಅವನ ಶವಸಂಸ್ಕಾರದಲ್ಲಿ ದೊಡ್ಡ ಅಧಿಕಾರಿಯೊಬ್ಬ ಅವಳ ಕೈ ಹಿಡಿದು, “ಪಕ್ಕದ ಜಾಗ ನಿಮ್ಮದೇ ತಾಯಿ,” ಎಂದಿದ್ದ. ಊರಿನ ವಿಧವೆಯರೆಲ್ಲ ಮಾಡುವಂತೆ ಅವಳೂ ಗಂಡನ ಹೆಸರಿನ ಕೆಳಗೆ ತನ್ನ ಹೆಸರು ಕೊರೆಸಿ, ಕಲ್ಲಿನಲ್ಲಿ ಅವನ ಫೋಟೋ ಪಕ್ಕ ತನ್ನದನ್ನೂ ಕೂರಿಸಿದಳು. ಸತ್ತವರ ಹಬ್ಬದಂದು ಬೇಯಿಸಿದ ಗೋಧಿ ಇಟ್ಟು ಅವನ ಮುಖ ಒರೆಸುವಳು. ಆಮೇಲೆ ಕರವಸ್ತ್ರಕ್ಕೆ ಉಗುಳು ತಾಗಿಸಿ ತನ್ನದನ್ನು ಒರೆಸುವಳು.

“ನೋಡೇ ಯಾಗೋದಾ, ಇಲ್ಲಿ ನಾನು ಎಷ್ಟು ಚೆನ್ನಾಗಿ ಕಾಣ್ತೀನಿ! ಇನ್ನೆಲ್ಲಾದ್ರೂ ನನ್ನ ಫೋಟೋ ಹಾಕವ್ರಾ?”

*

ಗೋಡೆಯ ಬುಡದ ಗುಂಡಿಯಲ್ಲಿ ನೀರು ಒಸರಿತ್ತು. ಪಾದ್ರಿ ಗಡಿಬಿಡಿಯಲ್ಲಿ ಪ್ರಾರ್ಥನೆ ಮುಗಿಸಿದ. ಗುಂಡಿ ತೋಡಿದ ನಾಲ್ವರು ಹಗ್ಗ ಹಿಡಿದು ಪೆಟ್ಟಿಗೆಯನ್ನು ಇಳಿಬಿಡತೊಡಗಿದರು.

ಅಷ್ಟರಲ್ಲಿ ವೀರರ ಬೀದಿಯಲ್ಲಿ ಬ್ಯಾಂಡು ಮೊಳಗಿತು. ಹೊಸ ಕಲ್ಲುಗಳಿಗೆ ಹೂಮಾಲೆ ಇಡಲು ಮಂತ್ರಿ ಬಂದಿದ್ದ. ರಾಷ್ಟ್ರಗೀತೆ.

ವುಕೋಯೆ ಟೋಪಿ ತೆಗೆದು ಸೆಟೆದು ನಿಂತ. ಪಾದ್ರಿ ನಿಂತ. ಹಗ್ಗ ಹಿಡಿದ ನಾಲ್ವರೂ, ಒಂದು ಕಾಲಕ್ಕೆ ಸೈನ್ಯದಲ್ಲಿ ಒದೆ ತಿಂದವರೇ, ಹಿಮ್ಮಡಿ ಜೋಡಿಸಿ ಎದೆ ಎತ್ತಿದರು.

“ಇಳಿಸ್ರೋ!” ಎಂದು ಯಾಗೋದಾ ಕಿರುಚಿದಳು. “ಅವಳನ್ನ ಕೆಳಗಿಳಿಸ್ರೋ, ದರಿದ್ರದವ್ರಾ!”

“ಶ್! ಮುಗೀಲಿ ತಡಿಯೇ,” ಎಂದ ಮಾವ, ತುಟಿ ಅಲುಗಿಸದೆ.

ಪೆಟ್ಟಿಗೆ ಅರ್ಧಕ್ಕೇ ನೇತಾಡುತ್ತ, ಕಾಲಿನ ಕಡೆ ಮೆಲ್ಲಗೆ ವಾಲಿತು; ಅದರ ಮೂಲೆ ಕೆಸರು ನೀರಿಗೆ ತಾಗಿತು. ನಾಲ್ವರ ತೋಳೂ ನಡುಗುತ್ತಿದ್ದವು. ಕಣ್ಣು ಮಾತ್ರ ನೆಟ್ಟಗೆ, ದೂರದ ಬ್ಯಾಂಡಿನ ಕಡೆಗೆ. ಎರಡನೆಯ ಚರಣ ಶುರುವಾಯಿತು.