ಶುಕ್ರವಾರದ ಎರಡನೇ ಸಾಲು

ಯುವ ಸಂಶೋಧಕ ಹೆನಿಂಗ್ ಓಲ್ಡೆ ತನ್ನ ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆಳೆದು ರಟ್ಟಿನ ಪೆಟ್ಟಿಗೆಗೆ ಬೋರಲು ಹಾಕುವಾಗ ವಾಲ್ಟ್ರಾಟ್ ಮೆರ್ಟನ್ಸ್ ಬಾಗಿಲಲ್ಲಿ ನಿಂತಿದ್ದಳು. ಅವನಿಗೆ ಹೇಳಬೇಕಾದ ಮಾತನ್ನು ಹದಿನೇಳು ದಿನದಿಂದ ಮುಂದೂಡುತ್ತ ಬಂದಿದ್ದಳು.

ಹಲಗೆಗಳ ಮೇಲೆ ಜೋರು ಗಾಳಿ ಹಾಯಿಸಿ ಪರೀಕ್ಷಿಸುವ ಗ್ಯೋಟಿಂಗೆನ್ನಿನ ಆ ಗಾಳಿಸುರಂಗದಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ. ಕೂದಲಿಗಿಂತ ತೆಳುವಾದ ಲೋಹದ ಪಟ್ಟಿಯನ್ನು ಹಲಗೆಗೆ ಅಂಟಿಸಿ, ವಿದ್ಯುತ್ ಹರಿಸಿ ಬಿಸಿಯಾಗಿಡುವುದು. ಗಾಳಿ ಹಲಗೆಯನ್ನು ಎಷ್ಟು ಉಜ್ಜಿಕೊಂಡು ಹೋಗುತ್ತದೋ ಅಷ್ಟು ಬಿಸಿಯನ್ನು ಕದ್ದೊಯ್ಯುತ್ತದೆ. ಕದ್ದದ್ದನ್ನು ಅಳೆದರೆ ಉಜ್ಜಿದ್ದು ತಿಳಿಯುತ್ತದೆ. ಆದರೆ ಸುರಂಗ ಓಡಿದಷ್ಟೂ ಒಳಗಿನ ಗಾಳಿಯೇ ಬೆಚ್ಚಗಾಗುತ್ತದೆ, ಬೆಚ್ಚನೆಯ ಗಾಳಿ ಕಡಿಮೆ ಕದಿಯುತ್ತದೆ, ಉಜ್ಜಿದ್ದೇ ಕಡಿಮೆ ಎಂದು ಕಾಣುತ್ತದೆ. ಅದಕ್ಕೇ ಓಟದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪಟ್ಟಿಯನ್ನು ಸರಿನೋಡಿ ಪುಸ್ತಕದಲ್ಲಿ ಎರಡು ಸಾಲು ಬರೆಯಬೇಕು.

ಆ ಶುಕ್ರವಾರ ಅವಳು ಎರಡನೆಯ ಸಲ ನೋಡಲಿಲ್ಲ. ಶುಕ್ರವಾರ ಒಂದು ಗಂಟೆ ಹೊಡೆದ ಮೇಲೆ ಆ ಕಟ್ಟಡದಲ್ಲಿ ನೊಣವೂ ಉಳಿಯುವುದಿಲ್ಲ. ತಂಗಿಯ ತೋಟದಲ್ಲಿ ಪ್ಲಮ್ ಹಣ್ಣು ಕೀಳುವುದಿತ್ತು. ಬೆಳಗಿನ ಸಾಲನ್ನೇ ಕೆಳಗೆ ಇನ್ನೊಮ್ಮೆ ಬರೆದು ಕೋಟು ಹಾಕಿಕೊಂಡಳು.

ಹೆನಿಂಗ್ ಸಣ್ಣ ಗೀರು ಕೊರೆದು ಮಾಡಿದ ಹಲಗೆಯ ಮೇಲೆ ಅಂದು ಉಜ್ಜಾಟ ನೂರಕ್ಕೆ ಹದಿನಾಲ್ಕು ಕಡಿಮೆ ಬಂದಿತ್ತು. ಅದನ್ನು ಇಳಿಸುವುದಕ್ಕೇ ಅವನ ಮೂರು ವರ್ಷದ ದುಡಿಮೆ. ಸೋಮವಾರ ಕೇಕ್ ತಂದು ಎಲ್ಲರಿಗೂ ಹಂಚಿದ. ಪ್ರೊಫೆಸರ್ ಟೀಲೆಮನ್ ಅದನ್ನು ಸಮ್ಮೇಳನಕ್ಕೂ ಬರೆದು ಕಳಿಸಿದರು. ಮರುಪರೀಕ್ಷೆಯಲ್ಲಿ ಆ ಇಳಿತ ನೂರಕ್ಕೆ ಐದೂ ಬರಲಿಲ್ಲ. ಪ್ರೊಫೆಸರರು ಎಲ್ಲರೆದುರು ಪುಸ್ತಕ ಬಿಚ್ಚಿ, ಎರಡು ಸಾಲೂ ಕೂಡುತ್ತವೆ, ಪಟ್ಟಿಯಂತೂ ಸರಿಯಾಗಿತ್ತು, ಹಾಗಾದರೆ ಅಂಕಿ ತಿದ್ದಿದ ಕೈ ಯಾವುದು ಎಂದು ಕೇಳಿದರು. ಹೆನಿಂಗ್ ಒಮ್ಮೆ ಅವಳತ್ತ ನೋಡಿದ. ಅವಳು ತನ್ನ ಕಾಫಿ ಲೋಟದೊಳಗೆ ನೋಡುತ್ತಿದ್ದಳು. ಅವನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಈಗ ಹೇಳಿದಳು. ಪ್ಲಮ್ಮಿನ ಮಾತನ್ನೂ ಬಿಡದೆ ಎಲ್ಲ ಹೇಳಿದಳು.

ಅವನು ಪೆಟ್ಟಿಗೆಗೆ ದಾರ ಸುತ್ತುತ್ತಲೇ ಇದ್ದ. "ಗೊತ್ತಿತ್ತು, ಫ್ರಾವ್ ಮೆರ್ಟನ್ಸ್. ಎರಡು ಸಾಲೂ ಕೊನೇ ಅಂಕಿವರೆಗೂ ಒಂದೇ. ಅವಳಿ ಮಕ್ಕಳೂ ಅಷ್ಟು ಹೋಲಲ್ಲ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಪಟ್ಟಿ ಅಂಟಿಸೋದು ಕಲಿಸಿದೋರು ನೀವು. ನೀವೇ ಹೇಳ್ತೀರಿ ಅಂತ ಕಾದೆ. ಒಂದು ವಾರ ಕಾದೆ. ಇನ್ನೊಂದು ವಾರಾನೂ ಕಾದೆ."

ಈಗಲೇ ಮೇಲೆ ಹೋಗಿ ಹೇಳುತ್ತೇನೆ ಎಂದಳು. ಅವನು ದಾರಕ್ಕೆ ಗಂಟು ಹಾಕಿದ. ಊರಲ್ಲಿ ಸೋದರಮಾವನ ಹೀಟರ್ ಅಂಗಡಿಯ ಕೆಲಸಕ್ಕೆ ಒಪ್ಪಿಕೊಂಡಾಗಿದೆ, ರೈಲು ಎರಡಕ್ಕೆ ಎಂದಷ್ಟೇ ಹೇಳಿ ಕೈ ಕುಲುಕಿದ.

ಊಟದ ಹೊತ್ತು. ಮೆಟ್ಟಿಲಿಳಿದು ಬರುವವರೆಲ್ಲ ರೂಢಿಯಂತೆ ಊಟ ಚೆನ್ನಾಗಿ ಆಗಲಿ ಎಂದು ಹರಸಿಕೊಂಡು ಬರುತ್ತಿದ್ದರು. ಒಬ್ಬೊಬ್ಬರಿಗೂ ಅದನ್ನೇ ತಿರುಗಿ ಹೇಳುತ್ತ ಅವಳು ಹತ್ತಿದಳು. ಪ್ರೊಫೆಸರರ ಬಾಗಿಲು ಮುಚ್ಚಿತ್ತು. ಅವರು ಊಟ ಮುಗಿಸಿ ಬರುವವರೆಗೂ ಕಾಯೋಣವೆಂದು ಎದುರಿನ ಬೆಂಚಿನ ಮೇಲೆ ಕುಳಿತಳು. ಕೆಳಗೆ ಊಟಕ್ಕೂ ಹೋಗದ ಯಾರೋ ಸುರಂಗ ಓಡಿಸತೊಡಗಿದರು. ಬೆಂಚು ಅವಳ ತೊಡೆಯಡಿ ಸಣ್ಣಗೆ ನಡುಗತೊಡಗಿತು.